ಮುನ್ಸಿಪಾಲ್ಟಿ ಕಪಾಟಿನಲ್ಲಿರೋ ನಮ್ಮೋರ ಹೆಸ್ರು

ಕೇಳುಗರೇ, ನಮಸ್ಕಾರ. ಮುಂಬೈ ಕನ್ನಡಿಗರ ಚರಿತ್ರೆ ಎಲ್ಲಿದೆ ಅಂತ ಯಾರಾದ್ರೂ ಕೇಳಿದ್ರೆ ನಾವು ಥಟ್ ಅಂತ ಸಂಘಗಳ ಹೆಸ್ರು ಹೇಳ್ತೀವಿ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ, ಆಮೇಲೆ ಬೆಳ್ಳಿಹಬ್ಬದ ಸ್ಮರಣಸಂಚಿಕೆ, ಅದ್ರಲ್ಲಿ ಕೋಟು ಹಾಕ್ಕೊಂಡು ಮುಂದಿನ ಸಾಲಲ್ಲಿ ಕೂತ ಪದಾಧಿಕಾರಿಗಳ ಗ್ರೂಪ್ ಫೋಟೋ. ಇರ್ಲಿ, ಅದೂ ಬೇಕು. ಆದ್ರೆ ಮಂಗಳೂರಿಂದ ಸ್ಟೀಮರ್ ಹತ್ತಿ ಬಂದು ಫೋರ್ಟಿನ ಯಾವುದೋ ಹೋಟ್ಲಲ್ಲಿ ಕಪ್ಪು-ಬಸಿ ತೊಳೆದು ರಾತ್ರಿ ಅದೇ ಟೇಬಲ್ ಮೇಲೆ ಮಲಗ್ತಿದ್ದ ಹುಡುಗ ಯಾವ ಫೋಟೋದಲ್ಲೂ ಇಲ್ಲ. ಅವನನ್ನ ಬರೆದಿಟ್ಟಿರೋದು ಮುನ್ಸಿಪಾಲ್ಟಿ. ಲೈಸೆನ್ಸ್ ಪುಸ್ತಕದಲ್ಲಿ, ಶಾಲೆ ರಿಜಿಸ್ಟರಲ್ಲಿ, ಜನನ-ಮರಣ ದಾಖಲೇಲಿ. ಪ್ರೀತಿಯಿಂದ ಅಲ್ಲ ಬಿಡಿ, ತೆರಿಗೆ ಮತ್ತೆ ರೋಗದ ಭಯಕ್ಕೆ ಬರೆದಿದ್ದು, ಆದ್ರೂ ಬರೆದಿದೆ.

ಈ ಊರಲ್ಲಿ ಕಾಗದ ಇಡೋ ಚಾಳಿ ಹಳೇದು. 1821ರಲ್ಲೇ ಬಾಂಬೆ ಸರ್ಕಾರ ಒಂದು ರೆಕಾರ್ಡ್ ಆಫೀಸ್ ಶುರು ಮಾಡ್ತು, ಈಗಿನ ಮಹಾರಾಷ್ಟ್ರ ರಾಜ್ಯ ಪುರಾಭಿಲೇಖಾಗಾರ ಅದೇ, ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜ್ ಕಟ್ಟಡದಲ್ಲಿ. ಕಾಲೇಜು ಎಲ್ರಿಗೂ ಗೊತ್ತು, ಒಳಗೆ ಆರ್ಕೈವ್ಸ್ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಲ್ಲಿರೋದು ಸರ್ಕಾರದ ಕಡತ. ಪಾಲಿಕೆಯದ್ದು ಬೇರೆ ಸಂಸಾರ, ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ ಎದುರಿನ ಹೆಡ್ ಆಫೀಸು, ವಾರ್ಡ್ ಆಫೀಸುಗಳು, ಶಾಲೆಗಳು, ಆಸ್ಪತ್ರೆಗಳು, ಎಲ್ಲಾ ಕಡೆ ಹರಡಿಕೊಂಡಿದೆ.

1865ರಲ್ಲಿ ಆರ್ಥರ್ ಕ್ರಾಫರ್ಡ್ ಮೊದಲ ಮುನ್ಸಿಪಲ್ ಕಮಿಷನರ್ ಆದ್ರು, ಕ್ರಾಫರ್ಡ್ ಮಾರ್ಕೆಟ್ ಅಂತೀವಲ್ಲ, ಆ ಕ್ರಾಫರ್ಡೇ. ಧಾರಾಳ ಖರ್ಚು ಮಾಡಿದ್ರು, ತೆರಿಗೆ ಕಟ್ಟೋರು ಎದ್ದು ಗಲಾಟೆ ಮಾಡಿದ್ರು, ಆ ಜಗಳದಿಂದ 1872ರ ಕಾಯ್ದೆ ಹುಟ್ತು. 64 ಸದಸ್ಯರ ಕಾರ್ಪೊರೇಷನ್, ಅದ್ರಲ್ಲಿ ಅರ್ಧ ಜನರನ್ನ ಆರಿಸೋದು ತೆರಿಗೆದಾರರು. ನಮ್ಮ ಕಪ್ಪು ತೊಳೆಯೋ ಹುಡುಗನಿಗೆ ಓಟು ಎಲ್ಲಿಂದ ಬರ್ಬೇಕು, ಪಾಲಿಕೆ ಚುನಾವಣೇಲಿ ವಯಸ್ಕರೆಲ್ರಿಗೂ ಮತ ಸಿಕ್ಕಿದ್ದು 1948ರಲ್ಲಿ. ಅಂದ್ರೆ ಹಳೇ ಮತದಾರರ ಪಟ್ಟೀಲಿ ನಿಮ್ಮಜ್ಜನ್ನ ಹುಡುಕಿ ಸಿಗ್ಲಿಲ್ಲ ಅಂತ ಅವ್ರು ಇಲ್ಲಿ ಇರ್ಲೇ ಇಲ್ಲ ಅಂದ್ಕೋಬೇಡಿ.

ಪ್ಲೇಗಿನ ಕಾಗದಗಳು ಮಾತ್ರ ಬೇರೇನೇ ಲೋಕ. 1896ರ ಸೆಪ್ಟೆಂಬರಲ್ಲಿ ಬಂದರಿನ ಹತ್ರದ ಮಾಂಡ್ವಿ ಕಡೆ ಡಾಕ್ಟರ್ ವಿಯೇಗಸ್ ರೋಗ ಗುರುತಿಸಿದ್ರು, ಆಮೇಲೆ ಮನೆಮನೆ ತಪಾಸಣೆ, ವಾಸಕ್ಕೆ ಯೋಗ್ಯ ಅಲ್ಲ ಅಂತ ಗೋಡೆ ಮೇಲೆ ಅಕ್ಷರ ಬರೆಯೋದು, ಜನ ಗಂಟುಮೂಟೆ ಕಟ್ಕೊಂಡು ಊರು ಬಿಡೋದು. ಜನಗಣತಿ ನೋಡಿ, 1891ರಲ್ಲಿ 8,21,764, 1901ರಲ್ಲಿ 7,76,006. ಬೆಳೀತಾ ಇದ್ದ ಶಹರ ಕುಗ್ಗಿಹೋಯ್ತು. ಆ ಹೆದರಿಕೇಲೇ 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಆಯ್ತು, ಇಕ್ಕಟ್ಟಿನ ಗಲ್ಲಿ ಒಡೆದು ರಸ್ತೆ ಮಾಡೋಕೆ, ಉತ್ತರದಲ್ಲಿ ಹೊಸ ಬಡಾವಣೆ ಹಾಕೋಕೆ. ದಾದರ್, ಮಾಟುಂಗಾ ಪ್ಲಾಟುಗಳು ಆ ಟ್ರಸ್ಟಿನ ಸ್ಕೀಮುಗಳು. ಮಾಟುಂಗಾ ಅಂದ್ರೆ ನಮ್ಗೆ ಇಡ್ಲಿ, ಮಲ್ಲಿಗೆ ಹೂವು, 1942ರ ರಾಮ ನಾಯಕರ ಉಡುಪಿ ಊಟ. ಅದ್ರ ಕೆಳಗಿರೋದು ಪ್ಲೇಗು, ಲೀಸ್ ಅಗ್ರಿಮೆಂಟು, ನಕ್ಷೆ. 1933ರಲ್ಲಿ ಟ್ರಸ್ಟು ಪಾಲಿಕೇಲಿ ಸೇರ್ಕೊಂಡ್ತು, ಬಿಐಟಿ ಚಾಳು ಅಂತೀವಲ್ಲ, ಅದ್ರಲ್ಲಿರೋ ಬಿಐಟಿ ಅಂದ್ರೆ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್, ಇದೇ ಟ್ರಸ್ಟು. ಯಾರಾದ್ರೂ ಕನ್ನಡದ ಹುಡುಗ್ರು ಪಿಎಚ್‌ಡಿ ಮಾಡೋರು ಇದ್ರೆ ದಯವಿಟ್ಟು ಇಲ್ಲಿಗೆ ಬನ್ನಿ, ಸಾಕು ಆ ಕಾವ್ಯ ಮೀಮಾಂಸೆ!

ಹೋಟ್ಲು ಇಟ್ಟೋರಿಗೆ ಹಳೇ ಕಾಗದದ ಬೆಲೆ ಹೇಳ್ಕೊಡೋದು ಬೇಡ. ಗುಮಾಸ್ತಾ ಲೈಸೆನ್ಸು, ಅಂದ್ರೆ ಅಂಗಡಿ-ಹೋಟ್ಲುಗಳ ನೋಂದಣಿ, ಮೊದ್ಲು 1948ರ, ಈಗ 2017ರ ಶಾಪ್ಸ್ ಅಂಡ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯದ್ದು, ಆಮೇಲೆ ಹೋಟ್ಲು ನಡೆಸೋಕೆ ಪಾಲಿಕೆ ಕಾಯ್ದೆ 394ನೇ ಕಲಮಿನ ಲೈಸೆನ್ಸು, ಗಲ್ಲಾದ ಹಿಂದೆ ಫ್ರೇಮ್ ಹಾಕಿ ತೂಗುಹಾಕಿರ್ತೀರಿ. ಆದ್ರೆ ಹಳೇದನ್ನ? ಪಾಲಿಕೆ ಲೆಕ್ಕದಲ್ಲಿ ಅಂಗಡಿಗೆ 1962ರ ಏಪ್ರಿಲ್ 1, ವಾಸದ ಮನೆಗೆ 1964ರ ಏಪ್ರಿಲ್ 17, ಈ ತಾರೀಖಿಗೆ ಮೊದ್ಲೇ ಇತ್ತು ಅಂತ ತೋರಿಸಿದ್ರೆ ಆ ಕಟ್ಟಡನ ಸಹಿಸ್ಕೊಳ್ತಾರೆ, ತೋರಿಸಕ್ಕಾಗ್ಲಿಲ್ಲ ಅಂದ್ರೆ ನೋಟಿಸು. ತೋರಿಸೋದು ಹೆಂಗೆ, ಯಾವನೋ ಕಾರಕೂನ ಅವತ್ತು ಆಸ್ತಿ ತೆರಿಗೆಯ ಅಸೆಸ್‌ಮೆಂಟ್ ಪುಸ್ತಕದಲ್ಲಿ ಎಳೆದಿದ್ದ ಒಂದು ಸಾಲಿಂದ. ಆ ಸಾಲು ಗೆದ್ದಲು ತಿಂದಿದ್ರೆ ಮೂರು ತಲೆಮಾರಿನ ಹೋಟ್ಲು ಬಾಯಿಮಾತಿನ ಮೇಲೆ ನಿಂತಂಗೆ.

ಈಗ ನಿಜವಾಗಿ ಹೇಳ್ಬೇಕು ಅಂದ್ಕೊಂಡಿದ್ದಕ್ಕೆ ಬರ್ತೀನಿ. ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನ ನಡೆಸ್ಕೊಂಡು ಬಂದಿದೆ, ಇದು ಸಣ್ಣ ಮಾತಲ್ಲ. ಪ್ರತಿ ಶಾಲೇಲೂ ಜನರಲ್ ರಿಜಿಸ್ಟರ್ ಅಂತ ಒಂದು ದಪ್ಪ ಪುಸ್ತಕ ಇರುತ್ತೆ. ಮಗುವಿನ ಹೆಸ್ರು, ಅಪ್ಪನ ಹೆಸ್ರು, ಜಾತಿ, ಹುಟ್ಟಿದ ಊರು, ಹುಟ್ಟಿದ ತಾರೀಖು, ಯಾವಾಗ ಸೇರಿದ್ದು, ಯಾವಾಗ ಬಿಟ್ಟಿದ್ದು, ಯಾಕೆ ಬಿಟ್ಟಿದ್ದು. ಕುಂದಾಪುರ, ಕಾರ್ಕಳ, ವಿಜಾಪುರ, ಕಲಬುರ್ಗಿ, ಯಾವ ಯಾವ ತಾಲೂಕಿಂದ ಯಾವ ವರ್ಷ ಎಷ್ಟು ಸಂಸಾರ ಬಂತು, ಯಾವ ಕೆಲಸಕ್ಕೆ ಹುಡುಗ್ರು ಓದು ಬಿಟ್ರು, ನಮ್ಮ ಯಾವ ಸಂಘದ ಲೈಬ್ರರೀಲೂ ಇಲ್ದೇ ಇರೋ ಮಾಹಿತಿ ಅದು. ಮಕ್ಕಳು ಕಮ್ಮಿ ಆಗ್ತಾ ತರಗತಿ ಮುಚ್ತಾರೆ, ಶಾಲೆನ ಇನ್ನೊಂದರ ಜತೆ ಸೇರಿಸ್ತಾರೆ, ನಾವು ಒಂದು ಸಭೆ ಮಾಡಿ ಕನ್ನಡ ಉಳಿಸಿ ಅಂತ ಭಾಷಣ ಬಿಗಿದು ಉಪ್ಪಿಟ್ಟು ತಿಂದು ಮನೆಗೆ ಹೋಗ್ತೀವಿ. ರಿಜಿಸ್ಟರ್ ಎಲ್ಲಿಗೆ ಹೋಯ್ತು ಅಂತ ಒಬ್ರೂ ಕೇಳಲ್ಲ.

ಕೇಳ್ಬೇಕಾದ್ದು ಭಾವನೆಗೋಸ್ಕರ ಅಷ್ಟೇ ಅಲ್ಲ. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರಕ್ಕೆ ಎಸ್‌ಸಿಗೆ 1950ರ ಆಗಸ್ಟ್ 10, ವಿಜೆಎನ್‌ಟಿಗೆ, ಅಂದ್ರೆ ವಿಮುಕ್ತ ಜಾತಿ-ಅಲೆಮಾರಿ ಬುಡಕಟ್ಟಿನೋರಿಗೆ, 1961ರ ನವೆಂಬರ್ 21, ಒಬಿಸಿಗೆ 1967ರ ಅಕ್ಟೋಬರ್ 13, ಅವತ್ತು ಇಲ್ಲೇ ವಾಸ ಇದ್ದಿದ್ದಕ್ಕೆ ಪುರಾವೆ ಕೇಳ್ತಾರೆ. ಮೊಮ್ಮಗಳ ಕಾಲೇಜು ಸೀಟಿಗೆ ಅಜ್ಜನ ನಾಲ್ಕನೇ ಕ್ಲಾಸಿನ ನೋಂದಣಿ ಬೇಕಾಗುತ್ತೆ, ಅಜ್ಜ ಓದಿದ ಶಾಲೆಗೆ ಬೀಗ ಬಿದ್ದಿರುತ್ತೆ.

ಸರ್ಕಾರಿ ಕಚೇರಿಗಳಲ್ಲಿ ಕಡತಕ್ಕೂ ಆಯುಷ್ಯ ಬರೆದಿರ್ತಾರೆ. ಅ ವರ್ಗ ಕಾಯಂ, ಬ ವರ್ಗ 30 ವರ್ಷ, ಕ ವರ್ಗ 10, ಡ ವರ್ಗ ಒಂದೇ ವರ್ಷ. ಯಾವುದು ಯಾವ ವರ್ಗ ಅಂತ ತೀರ್ಮಾನಿಸೋ ಮನುಷ್ಯ ನಿಜವಾಗಿ ಚರಿತ್ರೆಕಾರ, ಅವನ ಹೆಸ್ರು ಯಾವ ಪುಸ್ತಕದಲ್ಲೂ ಬರಲ್ಲ, ಸಂಬಳವೂ ಜಾಸ್ತಿ ಇರಲ್ಲ. ಕಾಯಂ ಅಂತ ಬರೆದಿದ್ದೂ ಬೆಂಕಿ ಮುಂದೆ ಕಾಯಂ ಅಲ್ಲ, 2012ರ ಜೂನ್ 21ಕ್ಕೆ ಮುಂಬೈನಲ್ಲಿರೋ ರಾಜ್ಯ ಸರ್ಕಾರದ ಕಚೇರಿ ಮಂತ್ರಾಲಯದ ಮೇಲಿನ ಮಹಡಿಗಳು ಉರಿದಾಗ ಸರ್ಕಾರದ ಕಡತಗಳೇ ಬೂದಿ ಆದ್ವು, ನೋಡಿದ್ದೀವಿ.

ಹಂಗಾಗಿ ಒಂದು ಕೆಲಸ. ನೀವು ಓದಿದ ಪಾಲಿಕೆ ಕನ್ನಡ ಶಾಲೆ ಮುಚ್ಚಿದ್ರೆ ಅದ್ರ ಜನರಲ್ ರಿಜಿಸ್ಟರ್ ಈಗ ಯಾರ ಸುಪರ್ದೀಲಿದೆ, ಯಾವ ವರ್ಷದಿಂದ ಯಾವ ವರ್ಷದ ತನಕ ಇದೆ, ಸ್ಕ್ಯಾನ್ ಆಗಿದ್ಯಾ, ಇಷ್ಟನ್ನೇ ಮಾಹಿತಿ ಹಕ್ಕಿನ ಅರ್ಜೀಲಿ ಕೇಳಿ. ಹತ್ತು ರೂಪಾಯಿ ಕೋರ್ಟ್ ಫೀ ಸ್ಟಾಂಪು, ಮೂವತ್ತು ದಿನದಲ್ಲಿ ಉತ್ತರ ಕೊಡ್ಬೇಕು. ಮಕ್ಕಳ ಹೆಸ್ರಿನ ಪಟ್ಟಿ ಕೇಳೋಕೆ ಹೋಗ್ಬೇಡಿ, ಅದು ಬೇರೆಯವರ ಖಾಸಗಿ ವಿಷಯ, ಕೊಡಲ್ಲ, ಕೊಡಲೂಬಾರ್ದು. ಅರ್ಜಿ ಮರಾಠೀಲಿ ಬರೀರಿ, ಬೇಗ ಓದ್ತಾರೆ. ಉತ್ತರ ಬಂದ್ರೆ ಒಂದು ಪ್ರತಿ ನಿಮ್ಮ ಸಂಘದ ಕಾರ್ಯದರ್ಶಿ ಕೈಗೆ ಕೊಡಿ, ಮುಂದಿನ ಸ್ಮರಣಸಂಚಿಕೇಲಿ ಜಾಹೀರಾತಿನ ಮಧ್ಯೆ ಎಲ್ಲಾದ್ರೂ ಅಚ್ಚು ಹಾಕ್ಲಿ. ನಮಸ್ಕಾರ.