ಇಟ್ಟಿಗೆಯೇ ಒಡವೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇರಾನಿನ ಈಶಾನ್ಯ ಮೂಲೆಯಲ್ಲಿ ಗೊಂಬದ್-ಎ ಕಾಬೂಸ್ ಎಂಬ ಊರಿದೆ. ಅಲ್ಲಿರುವ ಗೋರಿಗೋಪುರದ ಹೆಸರೇ ಊರಿಗೂ ಬಂದಿದೆ. ಗೊಂಬದ್ ಅಂದರೆ ನಮ್ಮ ಗುಂಬಜ್ ಪದವೇ. ಆದರೆ ವಿಜಯಪುರದ ಗೋಲ್ ಗುಂಬಜ್‌ನಂತೆ ಇದರ ತಲೆ ದುಂಡಗಿಲ್ಲ. ಚೂಪು ಮಾಡಿದ ಪೆನ್ಸಿಲ್ ನೆಟ್ಟ ಹಾಗಿದೆ. ಎತ್ತರ 53 ಮೀಟರ್. ಜಿಯಾರಿ ಮನೆತನದ ದೊರೆ ಕಾಬೂಸ್ 1006-07ರಲ್ಲಿ ಕಟ್ಟಿಸಿದ್ದು.

ಇದಕ್ಕೆ ಬಣ್ಣವಿಲ್ಲ, ಹೊಳೆಯುವ ಹೆಂಚಿಲ್ಲ, ಹೂಬಳ್ಳಿಯಿಲ್ಲ. ಬರೀ ಸುಟ್ಟ ಇಟ್ಟಿಗೆ. ಇಟ್ಟಿಗೆಯೇ ಇದರ ಒಡವೆ.

ಒಂದು ಹಾಳೆ ತಗೊಳ್ಳಿ. ಮೇಜಿನ ಮೇಲೆ ಸುಮ್ನೆ ನಿಲ್ಲಿಸಿದರೆ ಬೀಳುತ್ತೆ. ಬೀಸಣಿಗೆಯಂತೆ ಮಡಿಕೆ ಮಾಡಿ, ನಿಲ್ಲುತ್ತೆ. ಗೋಪುರದ ಸುತ್ತಲೂ ಅಂಥ ಹತ್ತು ಚೂಪು ಏಣುಗಳಿವೆ, ಬುಡದಿಂದ ಚಾವಣಿಯವರೆಗೆ. ಗೋಡೆಗೆ ಬಲವೂ ಅವೇ, ಅಂದವೂ ಅವೇ. ಬಿಸಿಲು ಬಿದ್ದರೆ ಒಂದು ಮಗ್ಗುಲು ಬೆಳಕು, ಇನ್ನೊಂದು ಮಗ್ಗುಲು ನೆರಳು.

ಆದರೆ ಈ ಗೋಪುರದ ಮಾತೆತ್ತಿದರೆ ಜನ ಮೊದಲು ಕೇಳುವುದೇ ಗಾಜಿನ ಪೆಟ್ಟಿಗೆಯ ಕಥೆ! ಹೇಳಿಬಿಡ್ತೀನಿ. ಕಾಬೂಸ್ ಸತ್ತಾಗ ಅವನ ದೇಹವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಸರಪಳಿ ಕಟ್ಟಿ, ಚಾವಣಿಯಿಂದ ತೂಗುಹಾಕಿದರಂತೆ. ಚಾವಣಿಯಲ್ಲಿ ಪೂರ್ವಕ್ಕೆ ಒಂದೇ ಒಂದು ಪುಟ್ಟ ಕಿಂಡಿ. ದಿನಾ ಬೆಳಗ್ಗೆ ಮೊದಲ ಬಿಸಿಲು ಅದರೊಳಗೆ ತೂರಿ ದೊರೆಯ ಮುಖದ ಮೇಲೆ ಬೀಳುತ್ತಿತ್ತಂತೆ. ಕಿಂಡಿ ಈಗಲೂ ಇದೆ. ಒಳಗೆ ಮೆಟ್ಟಿಲಿಲ್ಲ, ಅಂತಸ್ತಿಲ್ಲ; ಬುಡದಿಂದ ತುದಿಯವರೆಗೆ ಬರೀ ಟೊಳ್ಳು. ನೆಲ ಅಗೆದು ನೋಡಿದರೂ ದೇಹ ಸಿಗಲಿಲ್ಲ. ಅದಕ್ಕೇ ಈ ಕಥೆ ಸಾಯೋದೇ ಇಲ್ಲ. ನನಗೂ ಕಥೆ ಇಷ್ಟ. ಆದರೆ ದಯವಿಟ್ಟು ಗೋಡೆ ನೋಡಿ ಸ್ವಾಮಿ, ಗೋಡೆ!

ಸಮಯ ಜಾಸ್ತಿ ಇಲ್ಲ. ಗೋಡೆಯ ಮೇಲೆ ಬರಹದ ಎರಡು ಪಟ್ಟಿಗಳಿವೆ, ಒಂದು ಕೆಳಗೆ, ಒಂದು ಚಾವಣಿಯ ಅಡಿಯಲ್ಲಿ. ಕೂಫಿ ಲಿಪಿ, ಅಂದರೆ ಅರಬ್ಬಿಯ ಹಳೆಯ ಕೋನಕೋನದ ಬರಹ. ಆ ಅಕ್ಷರಗಳೂ ಇಟ್ಟಿಗೆಯವೇ! ಬದುಕಿದ್ದಾಗಲೇ ಕಾಬೂಸ್ ಕಟ್ಟಿಸಿದ ಅಂತ ಅದರಲ್ಲಿದೆ. ಗೋರಿ ಅನ್ನುವ ಮಾತಿಲ್ಲ, ಅರಮನೆ ಅಂತಲೇ ಬರೆದಿದೆ. ಇಸವಿಯೂ ಎರಡು: ಚಾಂದ್ರಮಾನದ ಹಿಜರಿ 397, ಪರ್ಷಿಯಾದ ಸೌರಮಾನದ 375. ಎರಡೂ ಅದೇ 1006-07. ಕಾಲಗಣನೆಯ ದೊಡ್ಡ ಗ್ರಂಥವನ್ನು ಆ ಕಾಲದ ವಿದ್ವಾಂಸ ಅಲ್-ಬಿರೂನಿ ಅರ್ಪಿಸಿದ್ದು ಇದೇ ದೊರೆಗೆ, ಗೊತ್ತಾ?

ಬಣ್ಣದ ಹೆಂಚು ಇಂಥ ಗೋಪುರಗಳಿಗೆ ಬಂದಿದ್ದು ಆಮೇಲೆ. ಅಜರ್‌ಬೈಜಾನಿನ ನಖ್‌ಚಿವಾನ್‌ನಲ್ಲಿ 1186ರ ಮೋಮಿನೆ ಖಾತೂನ್ ಗೋಪುರದಲ್ಲಿ ಇಟ್ಟಿಗೆಯ ನಡುನಡುವೆ ನೀಲಿ ಮಿಂಚುತ್ತೆ. ಅದೂ ಚೆಂದವೇ. ಆದರೆ ಮೊದಲು ಕಾಬೂಸನ ಗೋಪುರದ ಚಿತ್ರ ಹುಡುಕಿ. ನಡುಮಧ್ಯಾಹ್ನದ್ದು ಬೇಡ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ತೆಗೆದದ್ದು ನೋಡಿ, ಹತ್ತು ಏಣುಗಳ ನೆರಳು ಎಣಿಸಬಹುದು.

ನಮಸ್ಕಾರ.