ಹೇಳಿದ ದಿನ ಇಳಿದವರು

ಗೆಳೆಯರೇ, ಕುರ್ಚಿ ಬಿಟ್ಟ ಮೇಲೆ ರಾಜಕಾರಣಿ ಕಂಪನಿಗೆ ಹೋದರೆ ತಪ್ಪೇ ಎಂದು ಮೊನ್ನೆ ಒಬ್ಬರು ಕೇಳಿದರು. ನಾನಂದೆ, ಮೊದಲು ಇಳಿಯಲಿ, ಆಮೇಲೆ ಮಾತಾಡೋಣ. ಇಳಿದ ಒಬ್ಬರ ಕತೆ ಹೇಳುತ್ತೇನೆ.

ಫ್ರಾಂಕ್ ಮೆಕೆನಾ. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದವರು. ನಮ್ಮ ಸಾಧಾರಣ ಜಿಲ್ಲೆಯೊಂದರಷ್ಟೂ ಜನರಿಲ್ಲದ ನಾಡು. ಕಾಡು, ಮೀನು, ಕಾಗದದ ಗಿರಣಿ. ಅಲ್ಲಿನ ಬೆಸ್ತರ ಊರಿನ ಮುಷ್ಟಿಕಾಳಗದ (ಬಾಕ್ಸಿಂಗ್) ವೀರ ಈವೊನ್ ಡ್ಯೂರೆಲ್ ಮೇಲೆ 1977ರಲ್ಲಿ ಕೊಲೆ ಆರೋಪ ಬಂದಾಗ, ಆತ್ಮರಕ್ಷಣೆ ಎಂದು ವಾದಿಸಿ ಬಿಡಿಸಿಕೊಂಡು ಬಂದ ತರುಣ ವಕೀಲ ಇವರೇ. ಆ ಮೊಕದ್ದಮೆಯಿಂದಲೇ ಜನ ಗುರುತು ಹಿಡಿದರು. ಹತ್ತು ವರ್ಷಕ್ಕೆ, 1987ರ ಅಕ್ಟೋಬರ್ 13ರಂದು, ವಿಧಾನಸಭೆಯ 58 ಸ್ಥಾನಗಳಲ್ಲಿ 58ನ್ನೂ ಗೆದ್ದು ಮುಖ್ಯಮಂತ್ರಿಯಾದರು. ಎದುರು ಬೆಂಚೇ ಖಾಲಿ!

ಈಗ ಫೋನಿನ ಕತೆ. ಊರಲ್ಲಿ ಕೆಲಸವಿಲ್ಲ, ಹುಡುಗರು ಟೊರೊಂಟೊ ಬಸ್ಸು ಹತ್ತುತ್ತಾರೆ. ಇವರು ಒಂದು ಶುಲ್ಕವಿಲ್ಲದ ನಂಬರ್ ಮಾಡಿಸಿದರು. 1-800 ಆದಮೇಲೆ ತಮ್ಮದೇ ಹೆಸರು. ಮೆಕೆನಾ ಎಂಬುದಕ್ಕೆ ಇಂಗ್ಲಿಷಿನಲ್ಲಿ ಸರಿಯಾಗಿ ಏಳು ಅಕ್ಷರ. ಫೋನಿನ ಗುಂಡಿಗಳ ಮೇಲೆ ಬರೆದ ಆ ಅಕ್ಷರಗಳನ್ನು ಒತ್ತಿದರೆ 625-3662. ಬಂಡವಾಳ ಹೂಡುವವರು ಆ ನಂಬರಿಗೆ ಕರೆ ಮಾಡಬೇಕು. ಇವರೂ ಕಂಪನಿಗಳ ಮುಖ್ಯಸ್ಥರ ಬೆನ್ನು ಬಿಡಲಿಲ್ಲ. ಇಂಗ್ಲಿಷ್, ಫ್ರೆಂಚ್ ಎರಡೂ ಬಲ್ಲ ಜನ, ಒಳ್ಳೆಯ ದೂರವಾಣಿ ಜಾಲ, ಬನ್ನಿ ಅಂದರು. ಕಾಲ್ ಸೆಂಟರುಗಳು ಬಂದವು. ಬೆಂಗಳೂರಿನಲ್ಲಿ ನಮ್ಮ ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ರಾತ್ರಿಪಾಳಿಗೆ ಕೂರುವುದಕ್ಕೆ ಎಷ್ಟೋ ಮುಂಚೆ! ಸಂಬಳ ಕಡಿಮೆ, ಸರ್ಕಾರದ ದುಡ್ಡು ಸುರಿದು ತಂದದ್ದು ಎಂಬ ದೂರು ಇತ್ತು. ದೂರಿನಲ್ಲಿ ಹುರುಳೂ ಇದೆ. ಆದರೂ ಮನೆ ಬಿಡದೆ ದುಡಿದವರ ಕಣ್ಣಿಂದ ನೋಡಿ, ಲೆಕ್ಕ ಬೇರೆ ಕಾಣುತ್ತದೆ.

ನನ್ನ ಮಾತಿರುವುದು ಇಳಿದದ್ದರ ಬಗ್ಗೆ. ಹತ್ತೇ ವರ್ಷ ಇರುತ್ತೇನೆ ಅಂದಿದ್ದರು. ಮೂರು ಚುನಾವಣೆ ಗೆದ್ದಿದ್ದರು, ಓಡಿಸುವವರು ಯಾರೂ ಇರಲಿಲ್ಲ. 1997ರ ಅಕ್ಟೋಬರ್ 13ರಂದು, ಗೆದ್ದ ತಾರೀಖಿಗೇ, ರಾಜೀನಾಮೆ ಕೊಟ್ಟರು. ಆಮೇಲೆ ವಕೀಲಿಕೆ, ಕಂಪನಿಗಳ ನಿರ್ದೇಶಕ ಮಂಡಳಿ. ನಮ್ಮಲ್ಲಿ ಶಾಸಕರ ಸೀಟಿನಲ್ಲಿ ಕೂತೇ ಕಾಲೇಜು, ಗಣಿ, ಸಕ್ಕರೆ ಕಾರ್ಖಾನೆ ನಡೆಯುತ್ತವೆ. ಸಿಟ್ಟು ಬರುವುದು ಅದಕ್ಕೆ. ವ್ಯಾಪಾರ ಪಾಪವಲ್ಲ, ಎರಡು ಕುರ್ಚಿ ಒಟ್ಟಿಗೆ ಇಟ್ಟುಕೊಳ್ಳುವುದು ಪಾಪ. ಮೊದಲು ಇಳಿಯಲಿ!

ಸಭೆಯ ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಮೆಕೆನಾ ವಾಷಿಂಗ್ಟನ್ನಿನಲ್ಲಿ ಕೆನಡಾದ ರಾಯಭಾರಿಯಾಗಿದ್ದ ಒಂದು ವರ್ಷ, ಮಕ್ಕಳ ಶಿಶುವಿಹಾರ ತಂದದ್ದು, ಎಲ್ಲ ಬಿಡುತ್ತೇನೆ. 2006ರಲ್ಲಿ ಟಿಡಿ ಬ್ಯಾಂಕಿನ ಉಪಾಧ್ಯಕ್ಷರಾದರು. ಟೊರೊಂಟೊದಲ್ಲಿ ನಮ್ಮವರಿಗೆಲ್ಲ ಪರಿಚಯದ ಆ ಹಸಿರು ಬೋರ್ಡಿನ ಬ್ಯಾಂಕು. ಅವರದೇ ಲಿಬರಲ್ ಪಕ್ಷದವರು ಇಡೀ ದೇಶದ ಪಕ್ಷದ ನಾಯಕತ್ವಕ್ಕೆ ಬನ್ನಿ ಎಂದು 2006ರಲ್ಲೂ ಕರೆದರು, 2008ರಲ್ಲೂ ಕರೆದರು. ಎರಡು ಸಲವೂ ಒಲ್ಲೆ ಅಂದರು.