ಹೆಸರು ಕೊಡೋಕೆ ಗುರುವಾರ ಸಂಜೆ ಆರೇ ಕೊನೆ | ಭಾಗಮಂಡಲ ವ್ಲಾಗ್

ನಮಸ್ಕಾರ. ಭಾಗಮಂಡಲದಲ್ಲಿದ್ದೇನೆ, ಬೆಳಿಗ್ಗೆ ಏಳೂ ಹತ್ತು. ಮಂಜು ಜಾಸ್ತಿ, ಲೆನ್ಸ್ ಒರೆಸಿ ಒರೆಸಿ ಸಾಕಾಯಿತು. ಹಿಂದೆ ಕಾಣುತ್ತಿರೋದು ತ್ರಿವೇಣಿ ಸಂಗಮ. ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತವೆ, ಸುಜ್ಯೋತಿ ಗುಪ್ತಗಾಮಿನಿ ಅನ್ನುತ್ತಾರೆ. ತುಲಾ ಸಂಕ್ರಮಣಕ್ಕೆ ಬಂದ ಜನ ವಾಪಸ್ ಹೋದರು, ಅವರು ನೀರಿಗೆ ಬಿಟ್ಟ ಬಟ್ಟೆ ಮಾತ್ರ ಇಲ್ಲೇ ಇದೆ. ನಮ್ಮ ಸ್ವಯಂಸೇವಕರು ಅದನ್ನು ನೀರಿಂದ ಎಳೆಯುತ್ತಿರೋದು ನೀವೇ ನೋಡುತ್ತಿದ್ದೀರಿ.

ಈ ನದಿ ಸ್ವಚ್ಛ ಮಾಡೋ ಕೆಲಸಕ್ಕೆ ಜನ ಸೇರಿಸೋದೇ ದೊಡ್ಡ ಕಥೆ. ಹೋದ ವರ್ಷ ಹೆಸರು ಕೊಡೋಕೆ ಶನಿವಾರ ರಾತ್ರಿ 12ರವರೆಗೆ ಅಂತ ಇಟ್ಟಿದ್ದೆ. ಕೆಲಸ ಇದ್ದದ್ದು ಭಾನುವಾರ ಬೆಳಿಗ್ಗೆ! ಗುರುವಾರ 18 ಹೆಸರು. ಶನಿವಾರ ರಾತ್ರಿ ಹತ್ತಕ್ಕೆ ನೋಡಿದರೆ 41. ಗಾಬರಿಯಾಗಿ ಅಡುಗೆ ಅಕ್ಕನಿಗೆ ಫೋನ್ ಮಾಡಿದೆ. 'ಈ ಹೊತ್ತಲ್ಲಿ ಅಕ್ಕಿ ತರಿ ಎಲ್ಲಿಂದ ತರಲಿ ಮಗಾ?' ಅಂದರು. ಆದರೂ ಪಾಪ, ಯಾರ್ಯಾರ ಮನೆ ಬಾಗಿಲು ತಟ್ಟಿದರೋ, 41 ಜನರಿಗೆ ಕಡಂಬುಟ್ಟು, ಅಂದರೆ ಅಕ್ಕಿ ತರಿ ಉಂಡೆ, ಮಾಡಿದರು. ಬಂದದ್ದು 24 ಜನ. ಊಟಕ್ಕೆ 80 ರೂಪಾಯಿ ಅಂದರೆ 17 ಊಟಕ್ಕೆ 1360. ನನ್ನ ಜೇಬಿಂದ! ಸೋಮವಾರ ನಮ್ಮ ಮನೆಯಲ್ಲಿ ಕಡಂಬುಟ್ಟು. ಮಂಗಳವಾರ ಬೆಳಿಗ್ಗೆ ಅದೇ. ಅಮ್ಮ ಮಾತು ಬಿಟ್ಟರು.

ಅದಕ್ಕೇ ಈ ಸಲ ಲೆಕ್ಕ ಹಿಂದಿನಿಂದ ಹಾಕಿದೆ. ಮಡಿಕೇರಿ ಸಂತೆ ಶುಕ್ರವಾರ, ಅಕ್ಕ ತರಕಾರಿ ತರೋದು ಅಲ್ಲೇ. ಹಾಗಾಗಿ ಹೆಸರು ಗುರುವಾರವೇ ಬೇಕು. ಅದೂ ಸಂಜೆ ಆರಕ್ಕೆ. ರಾತ್ರಿ 12 ಅಂತ ಇಟ್ಟರೆ ಕರೆಂಟ್ ಹೋಗುತ್ತೆ, ರೇಂಜ್ ಇರಲ್ಲ, ಆಮೇಲೆ 'ಕಳಿಸಿದ್ದೆ ಅಣ್ಣಾ, ಹೋಗ್ಲಿಲ್ಲ' ಅನ್ನುತ್ತಾರೆ. ಇನ್ನೊಂದು, ಹೆಸರು ತಗೊಳ್ಳೋ ಗೂಗಲ್ ಫಾರ್ಮ್ ಬಂದ್ ಮಾಡೋದು ನಾನೇ. 12ಕ್ಕೆ ನಾನು ಗೊರಕೆ ಹೊಡೀತಿರ್ತೀನಿ.

ಬರೋಕಾಗಲ್ಲ ಅಂದರೆ ಶುಕ್ರವಾರ ಮಧ್ಯಾಹ್ನದೊಳಗೆ ಹೇಳಿ ಅಂತಲೂ ಹಾಕಿದ್ದೆ. ಇಬ್ಬರು ಹೇಳಿದರು, ಅವರ ಜಾಗಕ್ಕೆ ಕಾಯುತ್ತಿದ್ದ ಇಬ್ಬರನ್ನು ಕರೆದೆ. ನನಗೆ ಹೆಸರು ಕೊಡೋ ಗಡುವಿಗಿಂತ ಈ ಗಡುವೇ ಮುಖ್ಯ ಅನ್ನಿಸ್ತು.

ಆರು ಗಂಟೆ ಅಂದರೆ ಆರೇ, ಯಾರಿಗೂ ವಿನಾಯಿತಿ ಇಲ್ಲ ಅಂತ ಗುಂಪಲ್ಲಿ ದೊಡ್ಡದಾಗಿ ಬರೆದಿದ್ದೆ. ಆದರೆ ಅಲ್ಲಿ ನೋಡಿ, ಕೆಂಪು ಟೋಪಿ ಹುಡುಗರು. ಹೆಸರೇ ಕೊಟ್ಟಿಲ್ಲ, ಸುಮ್ನೆ ಬಂದವರು. ಎಲ್ಲರಿಗಿಂತ ಜಾಸ್ತಿ ಮೂಟೆ ಹೊತ್ತಿದ್ದು ಅವರೇ. ಏನು ಹೇಳೋದು? ಇನ್ನು ಹತ್ತು ಗಂಟೆಗೆ ಕೆಲಸಕ್ಕೆ ಬರೋ ಪಾಳಿಗೆ ಕರೆತರೋ ಜೀಪ್ ಬೇಡ, ಊರಿನವರೇ ನಡೆದು ಬರುತ್ತಾರೆ. ಮುಂದಿನ ಸಲ ಆ ಪಾಳಿಗೆ ಗಡುವೇ ಇಡಲ್ಲ. ಊಟ ಬೇಕಾದವರು ಮಾತ್ರ ಹೆಸರು ಕೊಡಲಿ.

ಅಯ್ಯೋ, ಕಾಲಿಗೆ ಜಿಗಣೆ! ಉಪ್ಪು ಜೀಪಲ್ಲಿದೆ. ಜೀಪ್ ಹೊರಟಿತು. ಅಣ್ಣಾ, ನಿಲ್ಸಿ ನಿಲ್ಸಿ!